ಖಾಲಿ ಜಾಗಕ್ಕೂ ಹಕ್ಕುದಾರರಿದ್ದಾರೆ

ರಾತ್ರಿ ಹತ್ತು ಗಂಟೆಗೆ ಫೋನ್ ರಿಂಗಣಿಸಿದರೆ ಮನೆಯವರ ಮುಖಗಳೆಲ್ಲ ಒಮ್ಮೆಲೇ ಅತ್ತ ತಿರುಗುತ್ತವೆ. ಅಷ್ಟು ಹೊತ್ತಿಗೆ ಬರುವ ಕರೆ ಒಳ್ಳೆಯ ಸುದ್ದಿ ತರುವುದು ಕಡಿಮೆ. ಒಂದು ಚಳಿಗಾಲದಲ್ಲಿ ಬಂದ ಅಂತಹ ಕರೆಯೊಂದು ಅಮೆರಿಕದಿಂದ ಆಗಿತ್ತು. ಆ ತುದಿಯಲ್ಲಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಮದ್ರಸದ ಬೆಂಚಿನಲ್ಲಿ ನನ್ನೆದುರು ಕುಳಿತು ಕಲಿತ ಹುಡುಗ ಈಗ ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಪತ್ನಿ ಮತ್ತು ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಹಿಮ ನೋಡಲೆಂದು ಬೆಟ್ಟದ ಊರೊಂದಕ್ಕೆ ಹೋಗಿದ್ದ.

"ಉಸ್ತಾದ್, ನನ್ನ ಕಾರು ಇಲ್ಲ" ಎಂದ.

ನಡೆದದ್ದು ಇಷ್ಟು. ಅವರು ಆ ಊರು ತಲುಪುವಾಗ ರಾತ್ರಿಯಾಗಿತ್ತು. ಹಿಮ ಸುರಿಯುತ್ತಿತ್ತು. ವಸತಿಗೃಹದ ಅಂಗಳದಲ್ಲಿ ಜಾಗವಿರಲಿಲ್ಲ. ಎದುರುಗಡೆ ಮುಚ್ಚಿದ ಒಂದು ದಿನಸಿ ಅಂಗಡಿ. ಅದರ ಮುಂದೆ ರಸ್ತೆ ಬದಿಯಲ್ಲಿ ಧಾರಾಳ ಜಾಗ. ಮಗು ನಿದ್ದೆಯಲ್ಲಿತ್ತು. ಅವನು ಅಲ್ಲೇ ಕಾರು ನಿಲ್ಲಿಸಿ ಕೋಣೆಗೆ ಹೋಗಿ ಮಲಗಿದ. ಬೆಳಿಗ್ಗೆ ಎದ್ದು ನೋಡಿದರೆ ಕಾರು ಇದ್ದ ಜಾಗದಲ್ಲಿ ಹಿಮದ ನಡುವೆ ಒಂದು ಚೌಕಾಕಾರದ ಗುಂಡಿ ಮಾತ್ರ ಉಳಿದಿತ್ತು. ಎಳೆದೊಯ್ಯುವ ವಾಹನ ಬಂದು ಅದನ್ನು ಬೇರೆ ಊರಿಗೆ ಸಾಗಿಸಿತ್ತು.

"ಊರೆಲ್ಲ ಖಾಲಿ ಇತ್ತು ಉಸ್ತಾದ್. ಒಂದು ನರಪಿಳ್ಳೆಯೂ ಇರಲಿಲ್ಲ. ನನ್ನಿಂದ ಯಾರಿಗೆ ತೊಂದರೆಯಾಯಿತು?" ಎಂದು ಕೇಳಿದ. ಅವನ ಸ್ವರದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಿತ್ತು. ಪರದೇಶ, ಚಳಿ, ಚಿಕ್ಕ ಮಗು. ನನಗೆ ಕರುಳು ಚುರ್ ಎಂದಿತು. "ಇದು ಅನ್ಯಾಯವಲ್ಲದೆ ಮತ್ತೇನು?" ಎಂದು ನಾನೂ ದನಿಗೂಡಿಸಿದೆ.

ಎರಡು ದಿನಗಳ ಬಳಿಕ ಅವನು ಮತ್ತೆ ಕರೆ ಮಾಡಿದ. ಆಗ ನನ್ನ ಮಾತನ್ನು ನಾನು ಹಿಂದಕ್ಕೆ ಪಡೆಯಬೇಕಾಯಿತು. ಆ ಎರಡನೆಯ ಕರೆಯ ವಿಷಯವನ್ನು ಕೊನೆಗೆ ಹೇಳುತ್ತೇನೆ. ಅದು ಅರ್ಥವಾಗಬೇಕಾದರೆ ಆ ನಾಡನ್ನೂ ಅಲ್ಲಿನ ರಸ್ತೆ ಬದಿಯ ನಿಯಮಗಳನ್ನೂ ಸ್ವಲ್ಪ ತಿಳಿದುಕೊಳ್ಳಬೇಕು. ನಮ್ಮ ಓದುಗರಲ್ಲಿ ಅನೇಕರ ಮಕ್ಕಳು, ಅಳಿಯಂದಿರು ಅಮೆರಿಕದಲ್ಲಿದ್ದಾರೆ. ರಜೆ ಬಂದರೆ ಅವರೂ ಹಿಮ ನೋಡಲು ಹೊರಡುತ್ತಾರೆ. ಆದ್ದರಿಂದ ಈ ವಿಷಯ ನಮಗೆ ಅಷ್ಟೇನೂ ದೂರದ್ದಲ್ಲ.

ಒಂದೇ ಬಾಗಿಲಿನ ನಾಡು

ಕ್ಯಾಲಿಫೋರ್ನಿಯಾ ಎಂದರೆ ನಮಗೆ ನೆನಪಾಗುವುದು ಬಿಸಿಲು, ಸಮುದ್ರ ಮತ್ತು ಸಿನಿಮಾ. ಆದರೆ ಆ ರಾಜ್ಯದ ಪೂರ್ವದಲ್ಲಿ ಸಿಯೆರಾ ನೆವಾಡಾ ಎಂಬ ದೊಡ್ಡ ಪರ್ವತ ಶ್ರೇಣಿಯಿದೆ. ಅದರ ಆಚೆ ಮಗ್ಗುಲಿನಲ್ಲಿ ಮೋನೊ ಕೌಂಟಿ ಇದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂತಹ ಒಂದು ಆಡಳಿತ ಘಟಕ. 2020ರ ಜನಗಣತಿಯ ಪ್ರಕಾರ ಇಡೀ ಕೌಂಟಿಯ ಜನಸಂಖ್ಯೆ 13,195. ನಮ್ಮ ಒಂದೆರಡು ದೊಡ್ಡ ಗ್ರಾಮಗಳಲ್ಲಿ ಇಷ್ಟು ಜನ ಸಿಗುತ್ತಾರೆ! ಅದರ ಕೇಂದ್ರ ಬ್ರಿಜ್‌ಪೋರ್ಟ್ ಎಂಬ ಚಿಕ್ಕ ಊರು. ಲೀ ವೈನಿಂಗ್, ಜೂನ್ ಲೇಕ್ ಮುಂತಾದವು ಇನ್ನಿತರ ಊರುಗಳು. ತನ್ನದೇ ಪುರಸಭೆ ಇರುವ ಪಟ್ಟಣ ಮ್ಯಾಮತ್ ಲೇಕ್ಸ್ ಒಂದೇ. ಅದಕ್ಕೆ ಆ ಸ್ಥಾನ ದೊರೆತದ್ದು 1984ರಲ್ಲಿ.

ಬೇಸಿಗೆಯಲ್ಲಿ ಪಶ್ಚಿಮದಿಂದ ಬೆಟ್ಟ ದಾಟಿ ಇಲ್ಲಿಗೆ ಬರಲು ದಾರಿಗಳಿವೆ. ಅವುಗಳಲ್ಲಿ ಪ್ರಸಿದ್ಧವಾದುದು ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಮೂಲಕ ಬರುವ ಟಯೋಗ ಘಾಟಿ. ಅದರ ಎತ್ತರ ಸುಮಾರು 3,030 ಮೀಟರ್. ಚಳಿಗಾಲ ಬಂತೆಂದರೆ ಅದು ಮುಚ್ಚುತ್ತದೆ. ಸೊನೋರಾ ಘಾಟಿಯೂ ಮುಚ್ಚುತ್ತದೆ. ನಂತರ ಉಳಿಯುವುದು ಉತ್ತರದಿಂದ ದಕ್ಷಿಣಕ್ಕೆ ಹಾದುಹೋಗುವ ಹೆದ್ದಾರಿ 395. ಬ್ರಿಜ್‌ಪೋರ್ಟಿಗೂ ಲೀ ವೈನಿಂಗಿಗೂ ನಡುವೆ ಅದು ಸುಮಾರು 2,480 ಮೀಟರ್ ಎತ್ತರದ ಕಾನ್ವೇ ಶಿಖರವನ್ನು ಹತ್ತಿ ಇಳಿಯುತ್ತದೆ.

ಹಾಲು, ಬ್ರೆಡ್ಡು, ಔಷಧ, ಅಂಚೆ, ಪೆಟ್ರೋಲ್ ಎಲ್ಲವೂ ಈ ರಸ್ತೆಯಲ್ಲೇ ಬರಬೇಕು. ಅನೇಕ ಮನೆಗಳನ್ನು ಬೆಚ್ಚಗಿಡುವುದು ಅಂಗಳದ ಟ್ಯಾಂಕಿನಲ್ಲಿರುವ ಪ್ರೋಪೇನ್ ಅನಿಲ. ಅದನ್ನು ತುಂಬಿಸುವ ಟ್ಯಾಂಕರ್ ಕೂಡಾ ಇದೇ ರಸ್ತೆಯಲ್ಲಿ ಬರಬೇಕು. ಮ್ಯಾಮತ್ ಲೇಕ್ಸ್‌ನಲ್ಲಿ ಆಸ್ಪತ್ರೆಯಿದೆ. ಬ್ರಿಜ್‌ಪೋರ್ಟಿನಿಂದ ಅಲ್ಲಿಗೆ ಸುಮಾರು 90 ಕಿಲೋಮೀಟರ್. ಆಂಬುಲೆನ್ಸ್ ಹೋಗಬೇಕಾದ ದಾರಿಯೂ ಅದುವೇ.

2022-23ರ ಚಳಿಗಾಲ ಈ ನಾಡಿಗೆ ದೊಡ್ಡ ಪರೀಕ್ಷೆಯಾಯಿತು. ಮ್ಯಾಮತ್ ಪರ್ವತದ ಸ್ಕೀ ಕೇಂದ್ರದ ಮುಖ್ಯ ವಸತಿಗೃಹದ ಬಳಿ ಆ ಋತುವಿನಲ್ಲಿ ಒಟ್ಟು 715 ಇಂಚು ಹಿಮ ಬಿತ್ತು. ಅಂದರೆ 18 ಮೀಟರಿಗೂ ಹೆಚ್ಚು. ಅಷ್ಟು ಎತ್ತರಕ್ಕೆ ಹಿಮ ನಿಂತಿತ್ತು ಎಂದು ಇದರ ಅರ್ಥವಲ್ಲ. ಬಿದ್ದದ್ದನ್ನು ದಿನದಿನವೂ ಅಳೆದು ಕೂಡಿಸಿದ ಲೆಕ್ಕವಿದು. ಆದರೂ ಮಹಡಿಯ ಕಿಟಕಿಗಳು ಮುಚ್ಚಿಹೋಗುವಷ್ಟು ಹಿಮ ಅಲ್ಲಿ ರಾಶಿ ಬಿದ್ದಿತ್ತು. 2023ರ ಮಾರ್ಚ್ 1ರಂದು ಕ್ಯಾಲಿಫೋರ್ನಿಯಾದ ಗವರ್ನರ್ ಗ್ಯಾವಿನ್ ನ್ಯೂಸಮ್ ಮೋನೊ ಸೇರಿದಂತೆ 13 ಕೌಂಟಿಗಳಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದರು. ಹೆದ್ದಾರಿ 395ರ ಕೆಲವು ಭಾಗಗಳೂ ಮುಚ್ಚಿದವು. ಆ ವರ್ಷ ಟಯೋಗ ಘಾಟಿ ತೆರೆದದ್ದು ಜುಲೈ 22ಕ್ಕೆ!

ಒಂದೇ ಬಾಗಿಲಿರುವ ಮನೆಯಲ್ಲಿ ಆ ಬಾಗಿಲಿಗೆ ಅಡ್ಡವಾಗಿ ಯಾರಾದರೂ ಕುರ್ಚಿ ಹಾಕಿ ಕುಳಿತರೆ ಹೇಗಿರುತ್ತದೆ? ಹಿಮದ ಊರಿನಲ್ಲಿ ತಪ್ಪು ಜಾಗದಲ್ಲಿ ನಿಂತ ಒಂದು ಕಾರು ಹಾಗೆಯೇ.

ಬಣ್ಣಗಳ ಭಾಷೆ

ಕ್ಯಾಲಿಫೋರ್ನಿಯಾದಲ್ಲಿ ರಸ್ತೆ ಬದಿಯ ಕಟ್ಟೆಯಂಚಿಗೆ ಬಣ್ಣ ಬಳಿದಿರುತ್ತಾರೆ. ಬರೇ ಅಂದಕ್ಕಾಗಿ ಬಳಿದದ್ದಲ್ಲ. ಪ್ರತಿಯೊಂದು ಬಣ್ಣಕ್ಕೂ ಒಂದು ಆದೇಶವಿದೆ. ರಾಜ್ಯದ ವಾಹನ ಸಂಹಿತೆಯ 21458ನೆಯ ವಿಧಿ ಅದನ್ನು ವಿವರಿಸುತ್ತದೆ.

ಕೆಂಪು ಎಂದರೆ ನಿಲ್ಲುವಂತೆಯೇ ಇಲ್ಲ. ಚಾಲಕ ಒಳಗೆ ಕುಳಿತಿದ್ದರೂ ಸರಿಯೇ. ಬಸ್ಸಿಗೆಂದು ಗುರುತಿಸಿದ ಕಡೆ ಬಸ್ಸಿಗೆ ಮಾತ್ರ ವಿನಾಯಿತಿ. ಹಳದಿ ಎಂದರೆ ಸಾಮಾನು ಅಥವಾ ಪ್ರಯಾಣಿಕರನ್ನು ಇಳಿಸಲು, ಹತ್ತಿಸಲು ಮಾತ್ರ. ಲೋಡಿಂಗ್ ಜೋನ್ ಎಂದು ಕರೆಯುವುದು ಇದನ್ನೇ. ಬಿಳಿ ಎಂದರೆ ಪ್ರಯಾಣಿಕರನ್ನು ಹತ್ತಿಸಿ ಇಳಿಸಲು, ಇಲ್ಲವೇ ಪಕ್ಕದ ಅಂಚೆ ಪೆಟ್ಟಿಗೆಗೆ ಪತ್ರ ಹಾಕಲು ಬೇಕಾದಷ್ಟು ಹೊತ್ತು. ಹಸಿರು ಎಂದರೆ ನಿಗದಿತ ಅವಧಿಯ ನಿಲುಗಡೆ. ನೀಲಿ ಅಂಗವಿಕಲರಿಗೆ ಮೀಸಲು. ಅವರಿಗೆ ಕೊಡುವ ವಿಶೇಷ ಫಲಕವಿದ್ದರೆ ಹಸಿರಿನಲ್ಲೂ ಕಾಲಮಿತಿಯಿಲ್ಲದೆ ನಿಲ್ಲಿಸಬಹುದು. ಆದರೆ ಕೆಂಪು, ಹಳದಿ ಮತ್ತು ಬಿಳಿಯಲ್ಲಿ ಆ ಫಲಕಕ್ಕೂ ಅನುಮತಿಯಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಪಾರ್ಕಿಂಗ್ ಎಂದರೇನು? ಇಂಜಿನ್ ಆಫ್ ಮಾಡಿ ಕಾರಿನಿಂದ ಇಳಿದು ಹೋಗುವುದು ಎಂದು ನಾವು ತಿಳಿದಿದ್ದೇವೆ. ಅದೇ ಸಂಹಿತೆಯ 463ನೆಯ ವಿಧಿ ಹಾಗೆ ಹೇಳುವುದಿಲ್ಲ. ಒಳಗೆ ಜನರಿರಲಿ ಇಲ್ಲದಿರಲಿ, ನಿಂತ ವಾಹನವೆಲ್ಲ ಪಾರ್ಕಿಂಗೇ. ಸಾಮಾನು ಅಥವಾ ಪ್ರಯಾಣಿಕರನ್ನು ಹತ್ತಿಸಿ ಇಳಿಸಲೆಂದು, ಆ ಕೆಲಸದಲ್ಲಿ ನಿಜವಾಗಿಯೂ ತೊಡಗಿರುವಾಗ, ತಾತ್ಕಾಲಿಕವಾಗಿ ನಿಲ್ಲುವುದು ಮಾತ್ರ ಅದಕ್ಕೆ ಹೊರತು. "ನಾನು ಕಾರಿನಲ್ಲೇ ಇದ್ದೆ", "ಇಂಡಿಕೇಟರ್ ಮಿನುಗಿಸುತ್ತಿದ್ದೆ", "ಎರಡೇ ನಿಮಿಷ" ಎಂಬ ನಮ್ಮ ಮಾಮೂಲಿ ಉತ್ತರಗಳು ಅಲ್ಲಿ ನಡೆಯುವುದಿಲ್ಲ. ಅಲ್ಲಿ ಪ್ರಶ್ನೆ ಎಷ್ಟು ಹೊತ್ತು ನಿಂತಿದ್ದೀರಿ ಎಂಬುದಷ್ಟೇ ಅಲ್ಲ, ಏತಕ್ಕಾಗಿ ನಿಂತಿದ್ದೀರಿ ಎಂಬುದು.

ಒಂದು ಕ್ಷಣ ಯೋಚಿಸಿ. ಹಳದಿ ಜಾಗ ದಿನದ ಬಹುಭಾಗ ಖಾಲಿಯಾಗಿಯೇ ಇರುತ್ತದೆ. ಖಾಲಿ ಇರುವುದೇ ಅದರ ಕೆಲಸ. ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆಗೆಂದು ಇಟ್ಟ ಹಾಸಿಗೆ ಖಾಲಿ ಇದೆಯೆಂದು ಯಾರಾದರೂ ಅದರಲ್ಲಿ ಮಧ್ಯಾಹ್ನದ ನಿದ್ದೆ ಮಾಡುತ್ತಾರೆಯೇ? ಆ ಹಾಸಿಗೆ ಇನ್ನೂ ಬಾರದ ಒಬ್ಬ ರೋಗಿಯ ಅಮಾನತ್ತು. ಹಳದಿ ಜಾಗ ಇನ್ನೂ ಬಾರದ ಒಂದು ಲಾರಿಯ ಅಮಾನತ್ತು.

ಹಿಮ ಬಣ್ಣವನ್ನು ನುಂಗಿದಾಗ

ಇದೆಲ್ಲ ಬಿಸಿಲಿನ ಊರಿಗೆ ಸರಿ. ಎರಡು ಅಡಿ ಹಿಮ ಬಿದ್ದ ಮೇಲೆ ಹಳದಿ ಎಲ್ಲಿ, ಕೆಂಪು ಎಲ್ಲಿ? ಕಟ್ಟೆಯಂಚೇ ಕಾಣುವುದಿಲ್ಲ. ರಸ್ತೆ ಎಲ್ಲಿ ಮುಗಿಯಿತು, ಅಂಗಳ ಎಲ್ಲಿ ಶುರುವಾಯಿತು ಎಂದೂ ಗೊತ್ತಾಗುವುದಿಲ್ಲ. ಆದ್ದರಿಂದ ಹಿಮದ ಊರಿನಲ್ಲಿ ನೆಲದ ಬಣ್ಣವೊಂದನ್ನೇ ನಂಬಿದರೆ ಆಗದು. ಕಂಬ ನೆಟ್ಟು ಫಲಕ ಹಾಕಬೇಕಾಗುತ್ತದೆ. ರಸ್ತೆಯಂಚನ್ನು ಗುರುತಿಸಲು ಎತ್ತರದ ಕೋಲುಗಳನ್ನು ಊರುತ್ತಾರೆ. ಬೆಂಕಿ ನಂದಿಸಲು ನೀರು ಕೊಡುವ ಹೈಡ್ರಂಟಿನ ಪಕ್ಕದಲ್ಲೂ ಉದ್ದನೆಯ ಗುರುತುಕೋಲು ನಿಂತಿರುತ್ತದೆ.

ಹಿಮ ತೆಗೆಯುವ ಸಲುವಾಗಿ ನಿರ್ದಿಷ್ಟ ರಸ್ತೆಗಳಲ್ಲಿ ವಾಹನ ನಿಲುಗಡೆಯನ್ನು ನಿಷೇಧಿಸುವ ಅಧಿಕಾರವನ್ನು ಸಂಹಿತೆಯ 22510ನೆಯ ವಿಧಿ ಸ್ಥಳೀಯ ಆಡಳಿತಕ್ಕೆ ಕೊಟ್ಟಿದೆ. ಜೊತೆಗೆ ಒಂದು ಶರತ್ತನ್ನೂ ಹಾಕಿದೆ. ಜನರ ಕಣ್ಣಿಗೆ ಬೀಳುವಂತೆ ಫಲಕ ಹಾಕುವ ತನಕ ಆ ನಿಷೇಧ ಜಾರಿಗೆ ಬರುವುದಿಲ್ಲ. ಇದೊಂದು ದೊಡ್ಡ ಮಾತು. ಮೊದಲು ತಿಳಿಸು, ಆಮೇಲೆ ದಂಡಿಸು. ತರಗತಿಯಲ್ಲಿ ಪಾಠ ಹೇಳದೆ ಪರೀಕ್ಷೆ ಮಾಡುವ ಶಿಕ್ಷಕ ಹೇಗೆ ನ್ಯಾಯವಂತನಲ್ಲವೋ, ಫಲಕವಿಲ್ಲದೆ ದಂಡ ಹಾಕುವ ಆಡಳಿತವೂ ಹಾಗೆಯೇ.

ಮುಖ್ಯರಸ್ತೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬ್ರಿಜ್‌ಪೋರ್ಟ್ ಮತ್ತು ಲೀ ವೈನಿಂಗ್‌ಗಳ ಪೇಟೆಬೀದಿ ಬೇರೆಯಲ್ಲ, ಹೆದ್ದಾರಿ 395 ಬೇರೆಯಲ್ಲ. ಅಂಗಡಿ, ಹೋಟೆಲು, ವಸತಿಗೃಹಗಳೆಲ್ಲ ಅದಕ್ಕೇ ಮುಖ ಮಾಡಿ ನಿಂತಿವೆ. ಹೆದ್ದಾರಿಯನ್ನು ನೋಡಿಕೊಳ್ಳುವುದು ಕ್ಯಾಲ್‌ಟ್ರಾನ್ಸ್ ಎಂಬ ರಾಜ್ಯದ ಸಾರಿಗೆ ಇಲಾಖೆ. ಒಳರಸ್ತೆಗಳು ಕೌಂಟಿಯವು. ಹೆದ್ದಾರಿಯ ಬದಿಯಲ್ಲಿ ನಿಲುಗಡೆಗೆ ಕೌಂಟಿ ನಿಯಮ ಮಾಡಬೇಕಾದರೆ ಆ ಇಲಾಖೆಯ ಒಪ್ಪಿಗೆ ಬೇಕು. ಒಂದು ಅಂಗಡಿಯ ಮುಂದಿನ ಇಪ್ಪತ್ತು ಅಡಿ ಜಾಗದ ಬಗ್ಗೆ ಎರಡು ಆಡಳಿತಗಳು ಮಾತಾಡಿಕೊಳ್ಳಬೇಕು. ಅಷ್ಟೆಲ್ಲ ಆದ ಮೇಲೆ ನೆಟ್ಟ ಕಂಬವನ್ನು ನಾವು ಓದದೆ ಹೋದರೆ ತಪ್ಪು ಯಾರದ್ದು?

ನೇಗಿಲ ಲಾರಿಯ ಚಾಲಕನಿಗೆ ಕಾಣುವುದು

ಹಿಮ ತೆಗೆಯುವ ಲಾರಿಯ ಮುಂದೆ ದೊಡ್ಡ ಉಕ್ಕಿನ ಹಲಗೆಯಿರುತ್ತದೆ. ನೇಗಿಲಿನಂತೆ ಅದು ಹಿಮವನ್ನು ಬದಿಗೆ ತಳ್ಳುತ್ತಾ ಹೋಗುತ್ತದೆ. ಬದಿಯಲ್ಲಿ ರಾಶಿ ಬೆಳೆದಾಗ ಇನ್ನೊಂದು ಯಂತ್ರ ಬಂದು ಅದನ್ನು ಕೊರೆದು ದೂರಕ್ಕೆ ಎಸೆಯುತ್ತದೆ. ಈ ಕೆಲಸ ಹೆಚ್ಚಾಗಿ ನಡೆಯುವುದು ರಾತ್ರಿ ಮತ್ತು ನಸುಕಿನಲ್ಲಿ, ಊರು ಮಲಗಿರುವಾಗ. ಮಕ್ಕಳು ಶಾಲೆಗೆ ಹೊರಡುವ ಮುನ್ನ ರಸ್ತೆ ತೆರೆದಿರಬೇಕು.

ಈಗ ದಾರಿಯ ಬದಿಯಲ್ಲಿ ಒಂದು ಕಾರು ನಿಂತಿದೆಯೆಂದು ಊಹಿಸಿ. ಚಾಲಕ ಅದನ್ನು ಸುತ್ತಿಕೊಂಡು ಹೋಗಬೇಕು. ಕಾರಿನ ಹಿಂದೆಯೂ ಮುಂದೆಯೂ ತೆಗೆಯದ ಹಿಮ ಉಳಿಯುತ್ತದೆ. ರಾತ್ರಿಯ ಚಳಿಗೆ ಅದು ಕಲ್ಲಾಗುತ್ತದೆ. ಮರುದಿನ ಬಂದವನು ಆ ಗುಡ್ಡೆಯನ್ನು ಬಿಟ್ಟು ಇನ್ನೂ ಒಳಗೆ ನಿಲ್ಲಿಸುತ್ತಾನೆ. ಹೀಗೆ ಎರಡು ಲಾರಿ ಹಾಯುವ ರಸ್ತೆ ಒಂದು ಲಾರಿ ಹಾಯುವ ಓಣಿಯಾಗುತ್ತದೆ. ಆಂಬುಲೆನ್ಸ್ ಬಂದಾಗ ಎದುರಿನ ವಾಹನಕ್ಕೆ ಸರಿಯಲು ಜಾಗವಿರುವುದಿಲ್ಲ.

ಇನ್ನೂ ಅಪಾಯಕಾರಿಯಾದ ವಿಷಯವಿದೆ. ಕಾರು ಪೂರ್ತಿ ಮುಚ್ಚಿಹೋದರೆ ಅದು ಕಾರೋ, ಬರೇ ಹಿಮದ ಗುಡ್ಡೆಯೋ ಎಂದು ನಸುಕಿನ ಕತ್ತಲಲ್ಲಿ ತಿಳಿಯುವುದು ಹೇಗೆ? ಕೊರೆಯುವ ಯಂತ್ರದ ಬಾಯಿಗೆ ಅದು ಸಿಕ್ಕರೆ ಕಾರಿಗೂ ಯಂತ್ರಕ್ಕೂ ಕೇಡು. ಒಳಗೆ ಯಾರಾದರೂ ಮಲಗಿದ್ದರೆ ಹೇಳುವುದೇ ಬೇಡ.

ತೆಗೆದ ಹಿಮ ಮಾಯವಾಗುವುದಿಲ್ಲ ಎಂಬುದನ್ನೂ ನಾವು ಮರೆಯುತ್ತೇವೆ. ಅದನ್ನು ಎಲ್ಲಾದರೂ ರಾಶಿ ಹಾಕಬೇಕು. ಮ್ಯಾಮತ್ ಲೇಕ್ಸ್‌ನಂತಹ ಕಡೆ ಕಟ್ಟಡದ ನಕ್ಷೆಯಲ್ಲೇ ಹಿಮ ಹಾಕಲು ಜಾಗ ತೋರಿಸಬೇಕಾಗುತ್ತದೆ. ಬೇಸಿಗೆಯಲ್ಲಿ ಅದು ಸುಮ್ಮನೆ ಬಿಟ್ಟ ಜಾಗದಂತೆ ಕಾಣುತ್ತದೆ. ಅದೂ ಖಾಲಿಯಲ್ಲ, ಡಿಸೆಂಬರಿಗಾಗಿ ಕಾದಿರುವ ಜಾಗ.

ಕೆಲವೊಮ್ಮೆ ಅಂಗಡಿಯವರೇ ತಪ್ಪು ಮಾಡುತ್ತಾರೆ. ತಮ್ಮ ಬಾಗಿಲು ತೆರವಾದರೆ ಸಾಕೆಂದು ಹಿಮವನ್ನೆಲ್ಲ ಅಂಗವಿಕಲರ ನೀಲಿ ಜಾಗದ ಪಕ್ಕದಲ್ಲಿರುವ ಓರೆಗೆರೆಗಳ ಪಟ್ಟಿಯ ಮೇಲೆ ಗುಡ್ಡೆ ಹಾಕುತ್ತಾರೆ. ಆ ಪಟ್ಟಿ ಗಾಲಿಕುರ್ಚಿಯನ್ನು ಇಳಿಸಲು ಬಿಟ್ಟದ್ದು. ಅದರ ಮೇಲೆ ವಾಹನ ನಿಲ್ಲಿಸುವುದು ಕಾನೂನು ಪ್ರಕಾರ ಅಪರಾಧ. ಆದರೆ ಹಿಮದ ಗುಡ್ಡೆಗೆ ದಂಡದ ಚೀಟಿ ಅಂಟಿಸುವವರು ಯಾರು? ಗಾಲಿಕುರ್ಚಿಯವನು ಮಾತ್ರ ಕಾರಿನಲ್ಲೇ ಕುಳಿತು ಗಾಜಿನಿಂದ ಅಂಗಡಿಯನ್ನು ನೋಡಬೇಕಾಗುತ್ತದೆ.

ಎರಡನೆಯ ಕರೆ

ಈಗ ನನ್ನ ವಿದ್ಯಾರ್ಥಿಯ ವಿಷಯಕ್ಕೆ ಬರುತ್ತೇನೆ.

ಕಾರು ಕಳೆದುಕೊಂಡ ದಿನ ಮಧ್ಯಾಹ್ನ ಅವನು ಮಗಳಿಗೆ ಹಾಲು ತರಲು ಅದೇ ದಿನಸಿ ಅಂಗಡಿಗೆ ಹೋಗಿದ್ದಾನೆ. ಕಪಾಟಿನಲ್ಲಿ ಹಾಲಿತ್ತು, ಬ್ರೆಡ್ಡು ಇರಲಿಲ್ಲ. ಗಲ್ಲಾದಲ್ಲಿ ಒಬ್ಬ ವೃದ್ಧೆ ಕುಳಿತಿದ್ದರು. ಮಾತಿಗೆ ಮಾತು ಬಂದು, ಎದುರಿಗೆ ನಿಲ್ಲಿಸಿದ್ದ ಕಾರು ತನ್ನದೇ ಎಂದು ಇವನು ಹೇಳಿದ. ಅವರು ಬೈಯುತ್ತಾರೆ ಎಂದುಕೊಂಡಿದ್ದ. ಅವರು ಬೈಯಲಿಲ್ಲ. ಬೆಳಿಗ್ಗೆ ನಡೆದದ್ದನ್ನು ಹೇಳಿದರು, ಅಷ್ಟೇ.

ಮುಂಜಾನೆ ಆರೂವರೆಗೆ ಸಾಮಾನಿನ ಲಾರಿ ಬಂದಿತ್ತು. ಅದು ದಿನಾ ಬರುವ ಲಾರಿಯಲ್ಲ. ಬಿರುಗಾಳಿಯ ಕಾರಣ ಎರಡು ದಿನ ತಡವಾಗಿ ಬಂದಿತ್ತು. ಹೆದ್ದಾರಿ ಮತ್ತೆ ಮುಚ್ಚುವ ಸಾಧ್ಯತೆಯಿದ್ದುದರಿಂದ ಚಾಲಕನಿಗೆ ಅವಸರವಿತ್ತು. ಲಾರಿ ನಿಲ್ಲಬೇಕಾದ ಜಾಗದಲ್ಲಿ ಹಿಮ ಹೊದ್ದು ಒಂದು ಕಾರು ಮಲಗಿತ್ತು. ಚಾಲಕ ಮುಂದೆ ಹೋಗಿ ಹಿಮ ತೆಗೆಯದ ಕಡೆ ಲಾರಿ ನಿಲ್ಲಿಸಿ ಕೈಗಾಡಿಯಲ್ಲಿ ಪೆಟ್ಟಿಗೆಗಳನ್ನು ತಳ್ಳಿಕೊಂಡು ಬಂದ. ಮೊದಲ ಸಲ ಹಾಲು ತಂದ. ಎರಡನೆಯ ಸಲ ಬರುವಾಗ ಹಿಮಗಡ್ಡೆಯ ಮೇಲೆ ಕಾಲು ಜಾರಿತು. ಮೊಣಕಾಲು ತಿರುಚಿತು. ಏಳಲಾಗಲಿಲ್ಲ. ಆಂಬುಲೆನ್ಸ್ ಬಂದು ಅವನನ್ನು ಕೊಂಡೊಯ್ದಿತು. ಉಳಿದ ಸಾಮಾನು ಲಾರಿಯಲ್ಲೇ ಉಳಿಯಿತು. ಕಾರನ್ನು ಎಳೆದೊಯ್ಯಲು ಕರೆ ಹೋದದ್ದು ಆ ಬಳಿಕ.

"ಉಸ್ತಾದ್, ಯಾರಿಗೆ ತೊಂದರೆಯಾಯಿತು ಎಂದು ನಿಮ್ಮಲ್ಲಿ ಕೇಳಿದ್ದೆನಲ್ಲ. ಉತ್ತರ ಸಿಕ್ಕಿತು" ಎಂದ.

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಬಳಿಕ ಕೇಳಿದೆ: "ಹಳದಿ ಬಣ್ಣ ಹಿಮದಡಿ ಇತ್ತು ಸರಿ. ಫಲಕ ಇರಲಿಲ್ಲವೇ?"

"ಕಂಬ ಇತ್ತು. ಫಲಕಕ್ಕೆ ಹಿಮ ಮೆತ್ತಿಕೊಂಡಿತ್ತು. ಕಂಬ ಕಂಡಿದ್ದೆ. ಇಳಿದು ಹೋಗಿ ಕೈಯಿಂದ ಒರೆಸಿದ್ದರೆ ಓದಬಹುದಿತ್ತು. ಮಗಳನ್ನು ಎತ್ತಿಕೊಂಡಿದ್ದೆ, ಚಳಿಯಿತ್ತು. ಒರೆಸಲಿಲ್ಲ."

ಅವನು ಸುಳ್ಳು ಹೇಳಬಹುದಿತ್ತು. ಫಲಕ ಕಾಣಲಿಲ್ಲ ಎಂದು ವಾದಿಸಿ ದಂಡ ತಪ್ಪಿಸಲು ಪ್ರಯತ್ನಿಸಬಹುದಿತ್ತು. ಫಲಕ ಓದುವಂತಿರಲಿಲ್ಲ ಎಂಬ ವಾದಕ್ಕೆ ಬಲವೂ ಇದ್ದೀತು. ಆದರೆ ಅವನು ಕಂಬ ಕಂಡದ್ದು ನಿಜ. ದಂಡ ಕಟ್ಟಿದ. ಎಳೆದೊಯ್ದ ಖರ್ಚನ್ನೂ ಕೊಟ್ಟು ಕಾರು ಬಿಡಿಸಿಕೊಂಡ. ಊರು ಬಿಡುವ ಮೊದಲು ಲಾರಿ ಚಾಲಕನಿಗೆ ಒಂದು ಕ್ಷಮಾಪಣೆಯ ಪತ್ರ ಬರೆದು ಅಂಗಡಿಯ ವೃದ್ಧೆಯ ಕೈಗೆ ಕೊಟ್ಟ. ಅದು ಆ ಮನುಷ್ಯನಿಗೆ ತಲುಪಿತೋ, ಅವನು ಏನೆಂದುಕೊಂಡನೋ ತಿಳಿಯದು. ಅವನ ಮೊಣಕಾಲು ಸರಿಯಾಯಿತೇ ಎಂಬುದೂ ತಿಳಿಯದು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ಕಡೆಯ ಮಾತು ಕೇಳಿ ತೀರ್ಪು ಕೊಡಬಾರದೆಂದು ಮಕ್ಕಳಿಗೆ ಎಷ್ಟೋ ವರ್ಷಗಳಿಂದ ಕಲಿಸುತ್ತಾ ಬಂದವನು ನಾನು. ಆದರೆ ನನ್ನ ಹುಡುಗ ಎಂಬ ಪ್ರೀತಿಯಲ್ಲಿ ಆ ರಾತ್ರಿ "ಅನ್ಯಾಯ" ಎಂದುಬಿಟ್ಟೆ. ಆ ಹೊತ್ತಿಗೆ ಇನ್ನೊಬ್ಬ ಯಾರದೋ ಮನೆಯವನು ಆಸ್ಪತ್ರೆಯಲ್ಲಿದ್ದ.

ಅಲ್ಲಿರುವ ಮಕ್ಕಳಿಗೆ ಹೇಳಿ

ಹಿಮದ ನಾಡಿಗೆ ಹೊರಡುವ ನಿಮ್ಮವರಿಗೆ ಈ ಕೆಲವು ಮಾತುಗಳನ್ನು ತಿಳಿಸಿದರೆ ಒಳ್ಳೆಯದು.

ಒಂದು: ಕೋಣೆ ಕಾದಿರಿಸುವಾಗಲೇ ಕಾರು ನಿಲ್ಲಿಸಲು ಹಿಮ ತೆಗೆದ ಜಾಗವಿದೆಯೇ ಎಂದು ಕೇಳಬೇಕು. ರಸ್ತೆ ಬದಿಯನ್ನು ನೆಚ್ಚಿಕೊಳ್ಳಬಾರದು.

ಎರಡು: ಕಂಬ ಕಂಡರೆ ಇಳಿದು ಓದಬೇಕು. ಹಿಮ ಮೆತ್ತಿದ್ದರೆ ಒರೆಸಿ ಓದಬೇಕು. ಏನೂ ಕಾಣದಿದ್ದರೆ ಅಂಗಡಿಯ ಬಾಗಿಲ ಮುಂದಿನ ಜಾಗ ಸಾಮಾನು ಇಳಿಸಲು ಇರುವುದೆಂದೇ ತಿಳಿದುಕೊಳ್ಳುವುದು ಕ್ಷೇಮ.

ಮೂರು: ಬೆಂಕಿ ನಂದಿಸುವ ಹೈಡ್ರಂಟಿನಿಂದ 15 ಅಡಿಯೊಳಗೆ ನಿಲ್ಲಿಸುವಂತಿಲ್ಲ. ಹಿಮದಲ್ಲಿ ಅದು ಹೂತುಹೋಗಿರುತ್ತದೆ. ಆದ್ದರಿಂದ ಗುರುತುಕೋಲನ್ನು ನೋಡಬೇಕು. ಪಾದಚಾರಿಗಳು ದಾಟುವ ಪಟ್ಟಿಗೆ ವಾಹನ ಬರುವ ದಿಕ್ಕಿನಲ್ಲಿ 20 ಅಡಿಯೊಳಗೆ ನಿಲ್ಲಿಸಬಾರದೆಂಬ ಹೊಸ ನಿಯಮಕ್ಕೆ 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಾದ್ಯಂತ ದಂಡ ಹಾಕಬಹುದಾಗಿದೆ. ಅಲ್ಲಿ ಕೆಂಪು ಬಣ್ಣವಾಗಲಿ ಫಲಕವಾಗಲಿ ಇಲ್ಲದಿದ್ದರೂ ನಿಯಮ ನಿಯಮವೇ. ದಾಟಲು ನಿಂತ ಮಗು ಚಾಲಕನಿಗೆ ಕಾಣಬೇಕು ಎಂಬುದು ಅದರ ಉದ್ದೇಶ.

ನಾಲ್ಕು: ಚಕ್ರಕ್ಕೆ ಸರಪಳಿ ಕಟ್ಟಲು ರಸ್ತೆಯ ಮಧ್ಯೆ ನಿಲ್ಲಬಾರದು. ಅದಕ್ಕೆಂದೇ ಬದಿಯಲ್ಲಿ ಅಗಲವಾದ ಜಾಗಗಳಿವೆ. ಸರಪಳಿಯ ಸೂಚನೆಯಲ್ಲಿ ಮೂರು ಹಂತಗಳಿವೆ. ಮೊದಲನೆಯದರಲ್ಲಿ ಸರಪಳಿ ಅಥವಾ ಹಿಮದ ಟಯರು ಇರಬೇಕು. ಎರಡನೆಯದರಲ್ಲಿ ನಾಲ್ಕೂ ಚಕ್ರಕ್ಕೆ ಚಾಲನೆಯಿದ್ದು ಹಿಮದ ಟಯರೂ ಇರುವ ವಾಹನಕ್ಕೆ ಮಾತ್ರ ವಿನಾಯಿತಿ. ಮೂರನೆಯದರಲ್ಲಿ ಯಾರಿಗೂ ವಿನಾಯಿತಿಯಿಲ್ಲ.

ಐದು: ಹಿಮದಾಟದ ತಾಣಗಳಲ್ಲಿ ಸ್ನೋ-ಪಾರ್ಕ್ ಎಂಬ ನಿಲುಗಡೆ ಜಾಗಗಳಿವೆ. ನವೆಂಬರ್ 1ರಿಂದ ಮೇ 30ರ ತನಕ ಅಲ್ಲಿ ನಿಲ್ಲಿಸಲು ಪರವಾನಿಗೆ ಬೇಕು. ಆ ಹಣ ಆ ಜಾಗಗಳ ಹಿಮ ತೆಗೆಯಲು ಉಪಯೋಗವಾಗುತ್ತದೆ.

ಆರು: ತಾಯಂದಿರು ಇದನ್ನು ಮುಖ್ಯವಾಗಿ ಗಮನಿಸಬೇಕು. ನಿಂತ ಕಾರಿನಲ್ಲಿ ಮಗುವಿಗೆ ಬೆಚ್ಚಗಿರಲೆಂದು ಇಂಜಿನ್ ಚಾಲೂ ಇಡುತ್ತಾರೆ. ಹೊಗೆ ಕೊಳವೆ ಹಿಮದಲ್ಲಿ ಮುಚ್ಚಿಹೋಗಿದ್ದರೆ ಕಾರ್ಬನ್ ಮೋನಾಕ್ಸೈಡ್ ಅನಿಲ ಒಳಗೆ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ಕೊಳವೆಯ ಸುತ್ತಲಿನ ಹಿಮ ತೆಗೆದು ಬಳಿಕವೇ ಇಂಜಿನ್ ಹಚ್ಚಬೇಕು. ಹಾಗೆಯೇ ಇಳಿಜಾರು ಮಾಡಿನ ಕೆಳಗೆ ಕಾರು ನಿಲ್ಲಿಸಬಾರದು. ಮಾಡಿನ ಹಿಮ ಒಮ್ಮೆಲೇ ಜಾರಿ ಬೀಳುತ್ತದೆ.

ಮುಂದೆ ಬರುವವನಿಗಾಗಿ

ನಿಯಮವೆಂದರೆ ದಂಡ, ಪೊಲೀಸು ಎಂದು ನಾವು ತಿಳಿದಿದ್ದೇವೆ. ರಸ್ತೆ ಬದಿಯ ಆ ಹಳದಿ ಗೆರೆ ಮಾತ್ರ ನಮಗೆ ಬೇರೇನೋ ಹೇಳುತ್ತದೆ. ನೀನು ಬರುವ ಮುಂಚೆ ಈ ಜಾಗ ನಿನಗಾಗಿ ಖಾಲಿ ಇತ್ತು, ನೀನು ಹೋದ ಮೇಲೆ ಇನ್ನೊಬ್ಬನಿಗಾಗಿ ಖಾಲಿ ಇರಲಿ ಎನ್ನುತ್ತದೆ. ಆ ಇನ್ನೊಬ್ಬ ನಮಗೆ ಕಾಣುವುದಿಲ್ಲ. ಅವನು ಇನ್ನೂ ಐವತ್ತು ಕಿಲೋಮೀಟರ್ ಆಚೆ ಬೆಟ್ಟ ಹತ್ತುತ್ತಿರುತ್ತಾನೆ. ಕಣ್ಣೆದುರು ಇರುವವರ ಹಕ್ಕನ್ನು ಗೌರವಿಸುವುದು ಸುಲಭ. ಅವರು ಜಗಳವಾಡಿಯಾದರೂ ಅದನ್ನು ಪಡೆಯುತ್ತಾರೆ. ಇನ್ನೂ ಬಾರದವನ ಹಕ್ಕನ್ನು ಕಾಪಾಡುವವರು ಯಾರು?

ನನ್ನ ವಿದ್ಯಾರ್ಥಿಯ ಮಗಳು ಈಗಲೂ ಒಂದು ಪ್ರಶ್ನೆ ಕೇಳುತ್ತಾಳಂತೆ. ಎಲ್ಲಿ ಕಾರು ನಿಲ್ಲಿಸಿದರೂ, "ಅಬ್ಬಾ, ಇಲ್ಲಿ ಲಾರಿ ಮಾಮ ಬರುತ್ತಾರಾ?" ಎನ್ನುತ್ತಾಳಂತೆ. ಅವನು ಇಳಿದು ಹೋಗಿ ಫಲಕ ಓದಿ ಬಂದು ಅವಳಿಗೆ ಉತ್ತರ ಹೇಳುತ್ತಾನೆ. ಆಮೇಲೆಯೇ ಕಾರಿಗೆ ಬೀಗ ಹಾಕುತ್ತಾನೆ.